ಕಾಯಕದ ಅಳತೆ ಮತ್ತು ಆಶಾ ಕಾರ್ಯಕರ್ತೆಯರ ದಿನಚರಿ

ಶರಣಧರ್ಮದಲ್ಲಿ ಕಾಯಕಕ್ಕೆ ಇರುವ ಸ್ಥಾನವನ್ನು ಸದ್ಭಕ್ತರೆಲ್ಲರೂ ಬಲ್ಲರು. ಆದರೆ ಕಾಯಕಕ್ಕೆ ಒಂದು ಅಳತೆಯೂ ಉಂಟೆಂಬುದನ್ನು ಚಿಂತಿಸುವವರು ವಿರಳ. ಊರೂರಲ್ಲಿ ದುಡಿಯುತ್ತಿರುವ ಆಶಾ ಕಾರ್ಯಕರ್ತೆಯರ ದಿನಚರಿಯನ್ನು ಮುಂದಿಟ್ಟುಕೊಂಡು ಆ ಅಳತೆಯನ್ನು ಈ ಸಲ ವಿಚಾರಿಸೋಣ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅಂಗವಾಗಿ ಈ ವ್ಯವಸ್ಥೆಯು ಹುಟ್ಟಿತು. ಸಾಮಾನ್ಯವಾಗಿ ಸಾವಿರ ಜನರಿಗೆ ಒಬ್ಬಳಂತೆ ಆಯಾ ಊರಿನ ಹೆಣ್ಣುಮಗಳೇ ಇದಕ್ಕೆ ನಿಲ್ಲುವಳು. ಗರ್ಭಿಣಿಯರ ಹೆಸರು ಬರೆಯಿಸುವುದು, ಲಸಿಕೆಯ ದಿನ ತಾಯಂದಿರನ್ನು ಕೂಡಿಸುವುದು, ಕ್ಷಯರೋಗಿಗಳು ತಪ್ಪದೆ ಗುಳಿಗೆ ನುಂಗುವಂತೆ ನೋಡಿಕೊಳ್ಳುವುದು, ಹೆರಿಗೆಯ ನೋವು ಬಂದಾಗ ಆಸ್ಪತ್ರೆಗೆ ಜೊತೆಯಾಗುವುದು, ಇವೆಲ್ಲ ಆಕೆಯ ಪಾಲಿನವು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಹೋಗಿ ತೂಕ, ಮೈಬಿಸಿ, ಹೊಕ್ಕುಳು, ಹಾಲೂಡಿಕೆಗಳನ್ನು ನೋಡತಕ್ಕದ್ದು. ಮನೆಯಲ್ಲಿಯೇ ಹೆರಿಗೆಯಾದರೆ ಮೊದಲನೆಯ ದಿನವೂ ಹೋಗತಕ್ಕದ್ದು. ಒಂದು ಕೇರಿಯಲ್ಲಿ ನಾಲ್ವರು ಬಾಣಂತಿಯರಿದ್ದರೆ ಎಷ್ಟು ಸಲ ಅಲೆಯಬೇಕಾಯಿತೆಂಬುದನ್ನು ವಾಚಕರೇ ಲೆಕ್ಕ ಹಾಕಿ ನೋಡಲಿ. 2020ರ ಕೊರೋನಾ ಕಾಲದಲ್ಲಿ ನಾವು ಬಾಗಿಲಿಕ್ಕಿಕೊಂಡು ಒಳಗಿದ್ದಾಗ ಆ ಬಾಗಿಲನ್ನು ಬಡಿದು ಜ್ವರ ವಿಚಾರಿಸಿದವರೂ ಇವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವರನ್ನು ಗೌರವಿಸಿತು.

ಹೆಸರಿಗೆ ಮಾತ್ರ ಇವರು ಸ್ವಯಂಸೇವಕಿಯರು. ಕೈಗೆ ಬರುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಆಕೆಯ ಬೇರೆ ಜೀವನೋಪಾಯಕ್ಕೆ ಭಂಗ ಬಾರದಂತೆ ದಿನಕ್ಕೆ ಕೆಲವೇ ಗಂಟೆಗಳ ಕೆಲಸವೆಂಬುದು ಮೂಲ ಯೋಜನೆಯಾಗಿತ್ತು. ಕೆಲಸವು ಬೆಳೆಯಿತು, ಹೆಸರು ಹಾಗೆಯೇ ಉಳಿಯಿತು.

“ಸೇವೆಯೆಂದ ಮೇಲೆ ಕೂಲಿಯ ಮಾತೇಕೆ?” ಎಂದು ಕೇಳುವವರುಂಟು. ಇದು ಶರಣರ ಮತವಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದು, ಮಾರಿ, ಬಂದ ಹಣದಿಂದ ದಾಸೋಹ ನಡೆಸಿದರು. ಹಗ್ಗವನ್ನು ಬಿಟ್ಟಿಯಾಗಿ ಒಯ್ಯಿರೆನ್ನಲಿಲ್ಲ. ಕಾಯಕದ ಫಲವು ಕೈಗೆ ಬಂದ ಮೇಲಲ್ಲವೆ ದಾಸೋಹವು? ಫಲವನ್ನೇ ಕೊಡದೆ ದಾಸೋಹಭಾವವನ್ನು ಬಯಸುವುದು ಬಿಟ್ಟಿಯ ದುಡಿತಕ್ಕೆ ಧರ್ಮದ ಹೆಸರಿಟ್ಟಂತೆ.

ಇನ್ನು ಅಳತೆಯ ವಿಷಯ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಕಳುಹಿದ ಕಥೆ ಪ್ರಸಿದ್ಧವಾದುದು. ಪ್ರವಚನಕಾರರು ಇದನ್ನು ಲೋಭನಿಂದೆಯೆಂದು ಹೇಳಿ ಮುಗಿಸುವರು. ಅದು ಸರಿಯೇ, ಆದರೆ ಅಷ್ಟಕ್ಕೇ ಮುಗಿಯದು. ಇಂದಿಗೆ ಇಷ್ಟು ಸಾಕು ಎಂಬ ಗೆರೆಯನ್ನು ಆ ತಾಯಿಯು ಎಳೆದಳು. ಕಾಯಕದಿಂದ ಮಿತಿಮೀರಿ ಪಡೆಯುವುದು ದೋಷವಾದರೆ, ಕಾಯಕ ಮಾಡುವವರಿಂದ ಮಿತಿಮೀರಿ ಕಸಿಯುವುದು ದೋಷವಲ್ಲವೆ? ಆ ಗೆರೆಯನ್ನೆಳೆದದ್ದು ಮನೆಯೊಳಗೆ, ದಂಪತಿಗಳಿಬ್ಬರ ನಡುವೆ ಎಂಬುದೂ ಗಮನಾರ್ಹ.

ಆಶಾ ಕಾರ್ಯಕರ್ತೆಯು ಮನೆಗೆ ಮರಳಿದ ಮೇಲೆ ಎರಡನೆಯ ದುಡಿತವು ಆರಂಭವಾಗುವುದು. ಒಲೆ ಅವಳಿಗಾಗಿಯೇ ಕಾದಿರುವುದು. ಊರ ಕೂಸುಗಳ ತೂಕ ನೋಡಿ ಬಂದವಳಿಗೆ ತನ್ನ ಕೂಸಿನ ಮುಖ ನೋಡಲು ಹೊತ್ತಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಅರೆಗಳಿಗೆ ಕೂರುವಷ್ಟು ಬಿಡುವೂ ಸಿಗದಿದ್ದರೆ, ಅವಳ ಗಂಡನೂ ಅತ್ತೆಯೂ ಅದನ್ನು ತಮ್ಮ ಲೋಪವೆಂದೇ ತಿಳಿಯತಕ್ಕದ್ದು. ಒಲೆ ಹೊತ್ತಿಸುವ ಕೈ ಗಂಡಿನದಾದರೆ ಮಡಿಗೇನೂ ಕುಂದಿಲ್ಲ.

ನೆರೆಹೊರೆಯವರ ಪಾಲೂ ಇದೆ. ಹೆರಿಗೆನೋವೆಂದರೆ ನಡುರಾತ್ರಿಯಲ್ಲಿಯೂ ಅವಳ ಬಾಗಿಲು ಬಡಿಯಲೇಬೇಕು. ಲಸಿಕೆ ಎಂದೆಂಬುದನ್ನು ಕೇಳಲು ಬೆಳಗಾಗುವವರೆಗೆ ಕಾಯಬಹುದು. ರಾತ್ರಿ ಕರೆದೊಯ್ದ ಮನೆಯವರು, ಬಾಣಂತಿಯನ್ನು ಒಳಗೆ ಮಲಗಿಸಿದ ಮೇಲೆ, ಈ ತಾಯಿ ಊರಿಗೆ ಹೇಗೆ ಮರಳುವಳೆಂಬುದನ್ನು ಕೇಳಿ, ಜೊತೆಗೊಬ್ಬರನ್ನು ಕಳುಹಿಸಲಿ.