ನೈಟ್ ಔಟ್ ಲೆಕ್ಕ ತಪ್ಪೋದು ಎಲ್ಲಿ?

ಇಂಟರ್ನಲ್ಸ್ ಹಿಂದಿನ ರಾತ್ರಿ ಎರಡು ಗಂಟೆಗೆ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿದರೆ ಹಗಲಿಗಿಂತ ಹೆಚ್ಚು ಜನ ಸಿಗುತ್ತಾರೆ. ಒಬ್ಬ ಕೆಟಲ್‌ನಲ್ಲಿ ಮ್ಯಾಗಿ ಬೇಯಿಸುತ್ತಿರುತ್ತಾನೆ. ಇನ್ನೊಬ್ಬ ಮೂರನೇ ಮಾಡ್ಯೂಲ್ ಪಿಡಿಎಫ್ ಬೇಕು ಅಂತ ಸಿಕ್ಕ ಬಾಗಿಲೆಲ್ಲ ಬಡಿಯುತ್ತಿರುತ್ತಾನೆ. ಮೆಟ್ಟಿಲ ಮೇಲೆ ಕೂತವರ ನಡುವೆ ಫ್ಲಾಸ್ಕಿನ ಚಹಾ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಬೆಳಿಗ್ಗೆ ಪರೀಕ್ಷೆ ಹಾಲ್ ಹೊರಗೆ "ಎಷ್ಟು ಹೊತ್ತು ಮಲಗಿದೆ?" ಅಂದರೆ "ಮಲಗೇ ಇಲ್ಲ ಮಗಾ" ಅನ್ನುವ ಉತ್ತರ. ಅದರಲ್ಲಿ ಒಂದಿಷ್ಟು ಹೆಮ್ಮೆ ಬೇರೆ.

ಈ ಸಂಚಿಕೆಗೆ ನಮಗೆ ಕೊಟ್ಟ ವಿಷಯ ಆರೋಗ್ಯಕರ ಜೀವನಕ್ಕೆ ಬೇಕಾದ ದಿನನಿತ್ಯದ ಅಭ್ಯಾಸಗಳು. ಬಿಸಿನೀರು, ಸೂರ್ಯನಮಸ್ಕಾರ, ಹಣ್ಣು, ಮೊಳಕೆಕಾಳು ಅಂತ ಒಂದು ಪಟ್ಟಿ ಮಾಡಿಬಿಡಬಹುದಿತ್ತು. ಆದರೆ ಆ ಪಟ್ಟಿ ನಿಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿದಿನ ಬರುತ್ತಲೇ ಇದೆ, ಓದದೆ ಬಿಟ್ಟಿದ್ದೀರಿ, ನಾವೂ ಬಿಟ್ಟಿದ್ದೇವೆ. ಆದ್ದರಿಂದ ಒಂದೇ ಅಭ್ಯಾಸ ಹಿಡಿದುಕೊಂಡು ಕೂತಿದ್ದೇವೆ: ನಿದ್ದೆ.

ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಹೋದ ಸೆಮಿಸ್ಟರಿನಲ್ಲಿ ಮಿನಿ ಪ್ರಾಜೆಕ್ಟ್ ಸಬ್ಮಿಶನ್ ಇತ್ತು. ನಮ್ಮ ಗೆಳೆಯನೊಬ್ಬ ರಾತ್ರಿಯೆಲ್ಲ ಕೂತು ಕೋಡ್ ಸರಿಮಾಡಿ, ಬೆಳಿಗ್ಗೆ ರಿಪೋರ್ಟ್ ಬೈಂಡ್ ಮಾಡಿಸಿ, ಸಹಿ ಹಾಕಿಸಿಕೊಂಡು, ಸೀದಾ ಬೈಕ್ ಹತ್ತಿ ಮನೆಗೆ ಹೊರಟ. ಸಮಯ ಹನ್ನೊಂದು ಗಂಟೆ, ಒಳ್ಳೆ ಬಿಸಿಲು, ನೇರ ರಸ್ತೆ, ಮುಂದೆ ಯಾವ ಗಾಡಿಯೂ ಇಲ್ಲ. ಡಿವೈಡರ್‌ಗೆ ಗುದ್ದಿದ. ಹೆಲ್ಮೆಟ್ ಇದ್ದದ್ದರಿಂದ ಕತ್ತಿನ ಹತ್ತಿರದ ಮೂಳೆ ಮುರಿದದ್ದರಲ್ಲೇ ಮುಗಿಯಿತು. "ಕಣ್ಣು ಮುಚ್ಚಿದ್ದೇ ನೆನಪಿಲ್ಲ ಕಣ್ರೋ" ಅಂತ ಇವತ್ತಿಗೂ ಹೇಳುತ್ತಾನೆ. ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ ಎದ್ದಿದ್ದವನು. ಅಂದರೆ ಇಪ್ಪತ್ತೇಳು ಗಂಟೆ ಎಚ್ಚರ.

ಮೆಷಿನ್‌ಗೆ ಸಿಗದ ಅಮಲು

1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಇಬ್ಬರು 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. ಒಂದಷ್ಟು ಜನರಿಗೆ ಕಂಪ್ಯೂಟರ್ ಮುಂದೆ ಕಣ್ಣು ಮತ್ತು ಕೈ ಎರಡನ್ನೂ ಹೊಂದಿಸಿ ಮಾಡಬೇಕಾದ ಒಂದು ಕೆಲಸ ಕೊಟ್ಟರು. ಒಮ್ಮೆ ಮದ್ಯ ಕುಡಿಸುತ್ತಾ, ಇನ್ನೊಮ್ಮೆ ನಿದ್ದೆ ಮಾಡಲು ಬಿಡದೆ, ಅದೇ ಕೆಲಸ ಮಾಡಿಸಿ ಹೋಲಿಸಿದರು. ಹದಿನೇಳು ಗಂಟೆ ಎಚ್ಚರ ಇದ್ದವರ ಕೈಚಳಕ, ರಕ್ತದಲ್ಲಿ 0.05% ಮದ್ಯ ಇದ್ದಾಗ ಇರುವ ಮಟ್ಟಕ್ಕೆ ಇಳಿದಿತ್ತು. ಇಪ್ಪತ್ತನಾಲ್ಕು ಗಂಟೆ ದಾಟಿದಾಗ ಅದು ಸುಮಾರು 0.10%ಗೆ ಸಮ.

ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಮೋಟಾರು ವಾಹನ ಕಾಯಿದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03%. ಲೆಕ್ಕ ನೀವೇ ಹಾಕಿ. ಒಂದು ಹನಿ ಕುಡಿಯದ ನಮ್ಮ ಗೆಳೆಯ ಆ ಮಿತಿಯ ಮೂರು ಪಟ್ಟು ದಾಟಿದವನ ಸ್ಥಿತಿಯಲ್ಲಿ ಬೈಕ್ ಓಡಿಸುತ್ತಿದ್ದ. ಪೊಲೀಸರು ನಿಲ್ಲಿಸಿ ಮೆಷಿನ್ ಊದಿಸಿದ್ದರೆ ಸೊನ್ನೆ ತೋರಿಸಿ "ಹೋಗಪ್ಪ" ಅನ್ನುತ್ತಿದ್ದರು. ನಿದ್ದೆಗೆಟ್ಟವರಿಗೆ ಒಂದೆರಡರಿಂದ ಹಲವು ಸೆಕೆಂಡುಗಳವರೆಗೆ ಗೊತ್ತೇ ಆಗದ ಹಾಗೆ ಮಂಪರು ಹತ್ತುತ್ತದೆ. ಇದಕ್ಕೆ ಮೈಕ್ರೋಸ್ಲೀಪ್ ಅನ್ನುತ್ತಾರೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಮೂರು ಸೆಕೆಂಡಿಗೆ 42 ಮೀಟರ್, ಓಡಿಸುವವನೇ ಇಲ್ಲದೆ.

ಚಹಾ ಏನು ಮಾಡುತ್ತೆ?

ನಿದ್ದೆ ಯಾವಾಗ ಬರಬೇಕು ಅನ್ನೋದನ್ನು ದೇಹದಲ್ಲಿ ಎರಡು ವ್ಯವಸ್ಥೆ ಸೇರಿ ತೀರ್ಮಾನಿಸುತ್ತವೆ. ಈ ಮಾದರಿಯನ್ನು ಮುಂದಿಟ್ಟವರು ಅಲೆಕ್ಸಾಂಡರ್ ಬೋರ್ಬೆಲಿ, 1982ರಲ್ಲಿ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಾಠಕ್ಕಿಂತ ಸುಲಭವಾಗಿ ಅರ್ಥವಾಗುತ್ತೆ.

ಮೊದಲನೆಯದು ನಿದ್ದೆಯ ಒತ್ತಡ. ಎದ್ದ ಕ್ಷಣದಿಂದ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ, ಕೆಪಾಸಿಟರ್ ಚಾರ್ಜ್ ಆದ ಹಾಗೆ. ಅದು ತನ್ನ ರಿಸೆಪ್ಟರುಗಳಿಗೆ ಹೋಗಿ ಕೂತಾಗ ನಮಗೆ ತೂಕಡಿಕೆ. ಅದು ಖಾಲಿಯಾಗುವ ದಾರಿ ನಿದ್ದೆ. ಕೆಫೀನ್ ಆಕಾರದಲ್ಲಿ ಅಡಿನೋಸಿನ್‌ನ ಹಾಗೇ ಇರೋದರಿಂದ ಮೊದಲೇ ಹೋಗಿ ಆ ಸೀಟಿನಲ್ಲಿ ಟವೆಲ್ ಹಾಕಿಬಿಡುತ್ತದೆ. ಅಡಿನೋಸಿನ್ ಕಡಿಮೆಯಾಗೋದಿಲ್ಲ, ಅದರ ಸಂದೇಶ ತಲುಪೋದಿಲ್ಲ ಅಷ್ಟೆ. ಬೈಕಿನ ಪೆಟ್ರೋಲ್ ಮುಳ್ಳಿನ ಮೇಲೆ ಟೇಪ್ ಅಂಟಿಸಿ ಟ್ಯಾಂಕ್ ತುಂಬಿದೆ ಅಂದುಕೊಂಡ ಹಾಗೆ.

ಇನ್ನು ಅರ್ಧಾಯುಷ್ಯದ ಲೆಕ್ಕ. ಪಿಯುಸಿಯಲ್ಲಿ ಮಾಡಿದ್ದೇ. ಕೆಫೀನ್‌ನ ಅರ್ಧಾಯುಷ್ಯ ಸರಾಸರಿ ಐದು ಗಂಟೆ, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಇದೆ. ರಾತ್ರಿ ಒಂಬತ್ತಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯಲ್ಲಿ 100 ಮಿಲಿಗ್ರಾಂ ಇತ್ತು ಅಂತಿಟ್ಟುಕೊಳ್ಳಿ. ಬೆಳಗಿನ ಜಾವ ಎರಡಕ್ಕೆ 50 ಉಳಿದಿರುತ್ತದೆ, ಏಳಕ್ಕೆ 25. "ನಾನು ಕಾಫಿ ಕುಡಿದೂ ಆರಾಮಾಗಿ ಮಲಗ್ತೀನಿ" ಅನ್ನುವವರು ಎಲ್ಲ ರೂಮಿನಲ್ಲೂ ಇದ್ದಾರೆ. ಮಲಗೋದು ನಿಜ, ಆದರೆ ನಿದ್ದೆಯ ಆಳ ಕಡಿಮೆ. ಬೆಳಿಗ್ಗೆ ಎದ್ದಾಗ ಮಬ್ಬು, ಮಬ್ಬು ಬಿಡಿಸಲು ಮತ್ತೆ ಕಾಫಿ. ಈ ಲೂಪ್‌ಗೆ ಬ್ರೇಕ್ ಸ್ಟೇಟ್‌ಮೆಂಟ್ ಇಲ್ಲ.

ಎರಡನೆಯದು ಗಡಿಯಾರ. ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಗುಂಪಿದೆ. ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಗಂಟೆಗೊಮ್ಮೆ ಸುತ್ತುವ ಈ ಲಯ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದದ್ದಕ್ಕೆ ಹಾಲ್, ರೋಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಬಂತು. ನಮ್ಮಲ್ಲೂ ಈ ಕೆಲಸ ನಡೆದಿದೆ. ಪ್ರೊ. ಎಂ. ಕೆ. ಚಂದ್ರಶೇಖರನ್ ಮದುರೈ ಬಳಿಯ ಗುಹೆಯ ಬಾವಲಿಗಳ ಲಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಬಂದವರು.

ಈ ಗಡಿಯಾರ ನಮ್ಮ ಅಲಾರಂ ಕೇಳೋದಿಲ್ಲ, ಬೆಳಕು ಕೇಳುತ್ತೆ. ಟ್ಯೂಬ್‌ಲೈಟ್ ಹಾಕಿದ ರೂಮಿನಲ್ಲಿ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಹೊರಗೆ ಬಂದು ನಿಂತರೆ ಹತ್ತು ಸಾವಿರ ದಾಟುತ್ತದೆ, ನೇರ ಬಿಸಿಲಿನಲ್ಲಿ ಒಂದು ಲಕ್ಷದ ಹತ್ತಿರ. ಕರ್ಟನ್ ಎಳೆದುಕೊಂಡು ಒಂಬತ್ತರವರೆಗೆ ಮಲಗಿ, ಕ್ಲಾಸಿನಿಂದ ಲ್ಯಾಬಿಗೆ, ಲ್ಯಾಬಿನಿಂದ ರೂಮಿಗೆ ಹೋದರೆ, ಬೆಳಗಾಯಿತು ಅನ್ನುವ ಸುದ್ದಿಯೇ ಆ ಗಡಿಯಾರಕ್ಕೆ ಸರಿಯಾಗಿ ತಲುಪಿರೋದಿಲ್ಲ. ಇನ್ನು ಭಾನುವಾರದ ಕಥೆ. ವಾರವೆಲ್ಲ ಆರೂವರೆಗೆ ಎದ್ದು ಭಾನುವಾರ ಹನ್ನೆರಡಕ್ಕೆ ಎದ್ದರೆ ವ್ಯತ್ಯಾಸ ಐದೂವರೆ ಗಂಟೆ. ಚಳಿಗಾಲದಲ್ಲಿ ನಮಗೂ ಲಂಡನ್‌ಗೂ ಇರುವ ವ್ಯತ್ಯಾಸ ಅಷ್ಟೇ. ಟಿಕೆಟ್ ಇಲ್ಲದೆ ಲಂಡನ್‌ಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್ ಬಂದು ಮೊದಲ ಪಿರಿಯಡ್‌ನಲ್ಲಿ ಕೂರುತ್ತೇವೆ.

ಓದಿದ್ದು ಎಲ್ಲಿ ಹೋಯಿತು?

"ಅದೆಲ್ಲ ಸರಿ, ಮಲಗಿದರೆ ಪಾಸ್ ಆಗೋದು ಹೇಗೆ?" ಇದು ನ್ಯಾಯವಾದ ಪ್ರಶ್ನೆ. ನೂರು ವರ್ಷದ ಹಿಂದಿನ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲಿ ನಮ್ಮಂಥ ಇಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಹತ್ತು ಹತ್ತು ಅಕ್ಷರಗುಚ್ಛಗಳ ಪಟ್ಟಿ ಬಾಯಿಪಾಠ ಮಾಡಿಸಿದರು. ಕೆಲವು ಸಲ ಬಾಯಿಪಾಠ ಮುಗಿದ ತಕ್ಷಣ ನಿದ್ದೆ, ಕೆಲವು ಸಲ ಎಂದಿನಂತೆ ಹಗಲಿನ ಓಡಾಟ. ಎಂಟು ಗಂಟೆ ಬಿಟ್ಟು ಕೇಳಿದಾಗ, ಮಲಗಿ ಎದ್ದವರಿಗೆ ಅರ್ಧಕ್ಕಿಂತ ಹೆಚ್ಚು ನೆನಪಿತ್ತು. ಎಚ್ಚರ ಇದ್ದಾಗ ಹತ್ತರಲ್ಲಿ ಒಂದು. ಇಬ್ಬರ ಮೇಲಿನ ಪ್ರಯೋಗ ಎಂದು ಮೂಗು ಮುರಿಯಬೇಡಿ, ಆಮೇಲೆ ಬಂದ ಬಹಳಷ್ಟು ಪ್ರಯೋಗಗಳು ಅದೇ ದಿಕ್ಕನ್ನು ತೋರಿಸಿವೆ. ಕೋಡ್ ಬರೆದು ಸೇವ್ ಮಾಡದೆ ಲ್ಯಾಪ್‌ಟಾಪ್ ಮುಚ್ಚಿದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಂತ ಎರಡು ಮಾಡ್ಯೂಲ್ ಬಿಟ್ಟು ಮಲಗಿಬಿಡಿ ಅನ್ನೋದು ಸುಲಭ, ಅಂಕ ಹೋಗೋದು ನಿಮ್ಮದು. ನಮ್ಮ ಅನುಭವ ಹೇಳುತ್ತೇವೆ. ಎಲ್ಲ ಓದಿಲ್ಲ, ರಾತ್ರಿ ಹನ್ನೊಂದಾಗಿದೆ, ಒಂಬತ್ತೂವರೆಗೆ ಪರೀಕ್ಷೆ ಅಂದಾಗ, ಒಂದರವರೆಗೆ ಓದಿ ಐದೂವರೆಗೆ ಏಳೋದು, ಪೂರ್ತಿ ಎಚ್ಚರ ಇರೋದಕ್ಕಿಂತ ಪ್ರತಿ ಸಲವೂ ಚೆನ್ನಾಗಿಯೇ ನಡೆದಿದೆ. ನಾಲ್ಕೂವರೆ ಗಂಟೆ ಸಾಕು ಅಂತ ಅಲ್ಲ. ವಯಸ್ಕರಿಗೆ ಏಳು ಗಂಟೆಗಿಂತ ಕಡಿಮೆ ಆಗಬಾರದು ಅನ್ನೋದು ತಜ್ಞರ ಮಾತು. ಆದರೆ ಸೊನ್ನೆಗಿಂತ ನಾಲ್ಕೂವರೆ ದೊಡ್ಡ ಸಂಖ್ಯೆ. ಬೆಳಗಿನ ಜಾವ ನಾಲ್ಕರ ಸುತ್ತಮುತ್ತ ದೇಹದ ಉಷ್ಣತೆ ದಿನದ ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ. ಆ ಹೊತ್ತಿನಲ್ಲಿ ಒಂದೇ ಡೆರಿವೇಶನ್ ಮೂರು ಸಲ ಓದಿದ್ದು ನಿಮಗೂ ನೆನಪಿರಬೇಕು. ಅಥವಾ ಅದೂ ನೆನಪಿಲ್ಲವೋ ಏನೋ.

ನಾವು ಮಾಡಿ ನೋಡಿದ್ದು

ಆ ಅಪಘಾತದ ನಂತರ ನಮ್ಮ ವಿಂಗಿನ ಆರು ಜನ ಒಂದು ಒಪ್ಪಂದಕ್ಕೆ ಬಂದೆವು. ಮೊದಲು ಹಾಕಿಕೊಂಡ ನಿಯಮ "ಹನ್ನೊಂದಕ್ಕೆ ಎಲ್ಲರೂ ಮಲಗಬೇಕು". ಎರಡೇ ದಿನಕ್ಕೆ ಮುರಿದು ಬಿತ್ತು. ಮಲಗು ಅಂದರೆ ನಿದ್ದೆ ಬರುತ್ತಾ? ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ, ಬ್ಯಾಕ್‌ಲಾಗ್ ಇರುವವನಿಗೆ ಎಸಿ ರೂಮಿನಲ್ಲೂ ಬರೋದಿಲ್ಲ. ಆಮೇಲೆ ನಿಯಮ ತಿರುಗಿಸಿದೆವು: ಮಲಗುವುದು ಯಾವಾಗಲಾದರೂ ಆಗಲಿ, ಏಳುವುದು ಆರೂವರೆಗೆ, ಭಾನುವಾರವೂ ಹೆಚ್ಚೆಂದರೆ ಒಂದು ಗಂಟೆ ತಡ. ಎದ್ದವರು ಹತ್ತು ನಿಮಿಷದೊಳಗೆ ಹೊರಗೆ ಗ್ರೌಂಡಿಗೆ ಬರಬೇಕು, ಫೋನ್ ರೂಮಿನಲ್ಲಿ. ಮೊದಲ ವಾರ ಒಬ್ಬರನ್ನೊಬ್ಬರು ಬೈದುಕೊಂಡೆವು. ಎರಡನೇ ವಾರದ ಕೊನೆಗೆ ರಾತ್ರಿ ಹನ್ನೊಂದಕ್ಕೆ ಕಣ್ಣು ತಾನೇ ಎಳೆಯತೊಡಗಿತು. ಬೇಗ ಎದ್ದರೆ ನಿದ್ದೆಯ ಒತ್ತಡ ಬೇಗ ತುಂಬುತ್ತದೆ, ಬೆಳಗಿನ ಬಿಸಿಲು ಗಡಿಯಾರವನ್ನು ಹಿಂದಕ್ಕೆ ತರುತ್ತದೆ, ಎರಡೂ ಸೇರಿ ಕೆಲಸ ಮಾಡಿದವು. ಆರರಲ್ಲಿ ಇಬ್ಬರು ಬಿಟ್ಟುಹೋದರು, ಅದನ್ನೂ ಹೇಳಿಬಿಡುತ್ತೇವೆ.

ಚಹಾ ಬಿಡಿಸಲು ಯಾರಿಂದಲೂ ಆಗಲಿಲ್ಲ. ಕೊನೆಯ ಕಪ್ಪನ್ನು ಸಂಜೆ ನಾಲ್ಕಕ್ಕೆ ತಂದೆವು. ಮಧ್ಯಾಹ್ನದ ತೂಕಡಿಕೆಗೆ ಇಪ್ಪತ್ತು ನಿಮಿಷದ ನಿದ್ದೆ, ಅಲಾರಂ ಇಟ್ಟುಕೊಂಡು. ಒಂದು ಗಂಟೆ ಮಲಗಿದರೆ ಆಳದ ನಿದ್ದೆಯಿಂದ ಎದ್ದು ಮುಖ ಊದಿಸಿಕೊಂಡು ಲ್ಯಾಬಿಗೆ ಹೋಗಬೇಕಾಗುತ್ತೆ. ಫೋನ್ ವಿಷಯದಲ್ಲಿ ನೀಲಿ ಬೆಳಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಬೆಳಕಿಗಿಂತ ರೀಲ್ಸ್ ದೊಡ್ಡ ಕಳ್ಳ. ನೈಟ್ ಮೋಡ್ ಹಾಕಿಕೊಂಡೇ ಎರಡು ಗಂಟೆ ನೋಡಿದವರು ನಮ್ಮಲ್ಲೇ ಇದ್ದಾರೆ. ಚಾರ್ಜರನ್ನು ಕೈಗೆ ಸಿಗದಷ್ಟು ದೂರದ ಪ್ಲಗ್‌ಗೆ ಹಾಕಿದ್ದು ಒಂದೇ ಫಲ ಕೊಟ್ಟ ಉಪಾಯ.

ನಾವು ಎಣಿಸದೇ ಇದ್ದ ಲಾಭ ತಿಂಡಿಯದು. ಮೊದಲೆಲ್ಲ ಮೆಸ್ ಬಾಗಿಲು ಹಾಕುವ ಹೊತ್ತಿಗೆ ಎದ್ದು, ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಪಫ್ಸ್ ತಿಂದು ದಿನ ದೂಡುತ್ತಿದ್ದೆವು. ಈಗ ಇಡ್ಲಿಯೋ ಉಪ್ಪಿಟ್ಟೋ ಬಿಸಿಯಾಗಿ ಸಿಗುತ್ತದೆ. ಉಪ್ಪಿಟ್ಟನ್ನು ಹೊಗಳಿದ್ದಕ್ಕೆ ಕ್ಷಮೆ ಇರಲಿ. ಬೆಳಗಿನ ಗ್ರೌಂಡ್ ಸುತ್ತಾಟ ದಿನಕ್ಕೆ ಇಪ್ಪತ್ತೈದು ನಿಮಿಷ ಆದರೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ಅದರಲ್ಲೇ ಮುಗಿಯಿತು, ಜಿಮ್ ಫೀಸ್ ಇಲ್ಲದೆ.

ಒಂದು ಎಚ್ಚರಿಕೆ ಮಾತ್ರ ಸೇರಿಸಬೇಕು. ವಾರಗಟ್ಟಲೆ ಮಲಗಿದರೂ ನಿದ್ದೆ ಬಾರದಿದ್ದರೆ, ಎಂಟು ಗಂಟೆ ಮಲಗಿಯೂ ದಿನವಿಡೀ ತೂಕಡಿಕೆ ಇದ್ದರೆ, ಅಥವಾ ಹಾಸಿಗೆಯಿಂದ ಏಳಲು ಮನಸ್ಸೇ ಬಾರದಿದ್ದರೆ ಅದು ಅಭ್ಯಾಸದ ಮಾತಲ್ಲ, ವೈದ್ಯರಿಗೆ ತೋರಿಸಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇಪ್ಪತ್ತನಾಲ್ಕು ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಫೋನ್ ಕೈಬಿಡಲು ಆಗುತ್ತಲೇ ಇಲ್ಲ ಅನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಎಂಬ ಕ್ಲಿನಿಕ್ಕೇ ಇದೆ.

ಈ ಸೆಮಿಸ್ಟರಿನ ಪ್ರಾಜೆಕ್ಟ್ ಸಬ್ಮಿಶನ್ ಮೊನ್ನೆ ಮುಗಿಯಿತು. ನೈಟ್ ಔಟ್ ಪೂರ್ತಿ ನಿಂತಿಲ್ಲ, ನಿಂತಿದೆ ಅಂದರೆ ಸುಳ್ಳಾಗುತ್ತೆ. ಆದರೆ ವಿಂಗಿನ ಮೂಲೆ ರೂಮಿನ ಗೋಡೆಗೆ ಒಂದು ಮೊಳೆ ಹೊಡೆದಿದ್ದೇವೆ. ಹಿಂದಿನ ರಾತ್ರಿ ಮಲಗದವರು ಬೈಕ್ ಕೀಲಿ ಅಲ್ಲಿ ತೂಗುಹಾಕಬೇಕು, ಊರಿಗೋ ಮನೆಗೋ ಹೋಗೋದಿದ್ದರೆ ಬಸ್ಸಿನಲ್ಲಿ ಹೋಗಬೇಕು ಇಲ್ಲವೇ ಮಲಗಿ ಎದ್ದು ಹೊರಡಬೇಕು. ಮೊನ್ನೆ ಬೆಳಿಗ್ಗೆ ಆ ಮೊಳೆಯಲ್ಲಿ ಮೂರು ಕೀಲಿ ಇದ್ದವು. ಮೊದಲು ತೂಗುಹಾಕಿದವನು ಹೋದ ಸಲ ಡಿವೈಡರ್‌ಗೆ ಗುದ್ದಿದವನೇ.