ನಮ್ಮ ಸರಹದ್ದಲ್ಲ ಎಂದು ಕಳಿಸಿದರೆ

ಸರ ಕಿತ್ತುಕೊಂಡು ಹೋದವರಿಗಿಂತ, ಠಾಣೆಯಲ್ಲಿ ‘ಇದು ನಮ್ಮ ಸರಹದ್ದಲ್ಲ’ ಎಂದ ಮಾತೇ ನಿಮ್ಮ ತಾಯಿಯನ್ನು ಹೆಚ್ಚು ಕುಗ್ಗಿಸಿದೆ ಎಂದು ಬರೆದಿದ್ದೀರಿ. ಅವರ ನೋವು ನ್ಯಾಯವಾದದ್ದು. ಕಾನೂನು ಅವರ ಪರವಾಗಿಯೇ ಇದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಇಂಥ ದೂರು ಕೊಡಬಹುದು. ಜನ ‘ಝೀರೋ ಎಫ್‌ಐಆರ್’ ಎನ್ನುವುದು ಇದನ್ನೇ. ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕಳಿಸಬಹುದು. ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಲೇಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಆಗಲೂ ದಾಖಲಿಸದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಂತರದ ದಾರಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ.

ಸರ ಎಳೆದಾಗ ಅಮ್ಮನ ಕುತ್ತಿಗೆಗೆ ಆದ ಗಾಯವನ್ನು ಇವತ್ತೇ ವೈದ್ಯರಿಗೆ ತೋರಿಸಿ, ಚೀಟಿ ಜೋಪಾನ ಮಾಡಿ. ಸರದ ಬಿಲ್ ಸಿಗದಿದ್ದರೆ ಅದನ್ನು ಧರಿಸಿರುವ ಮದುವೆ ಫೋಟೋ ಹುಡುಕಿ. ಸರ ಸಿಕ್ಕ ದಿನ, ನ್ಯಾಯಾಲಯದಿಂದ ಬಿಡಿಸಿಕೊಳ್ಳುವಾಗ ಆ ಫೋಟೋ ನೆರವಾಗುತ್ತದೆ.

ವಿಚಾರಣೆಗೆ ಪದೇಪದೇ ಠಾಣೆಗೆ ಅಲೆಯಬೇಕೇ ಎಂಬ ಭಯ ಬೇಡ. ಮಹಿಳೆಯರನ್ನೂ ಅರವತ್ತು ದಾಟಿದವರನ್ನೂ ಸಾಕ್ಷಿ ವಿಚಾರಣೆಗೆ ಪೊಲೀಸರು ಅವರ ಮನೆಯಲ್ಲೇ ಮಾತನಾಡಿಸಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸುವುದೂ ಅವರ ಹೊಣೆ.

ವಕೀಲರ ಖರ್ಚಿನ ಚಿಂತೆಯನ್ನೂ ಬಿಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನಾಳೆ ಠಾಣೆಗೆ ಹೋಗುವಾಗ ಅಮ್ಮನನ್ನು ಒಬ್ಬರನ್ನೇ ಕಳಿಸಬೇಡಿ, ನೀವೂ ಜೊತೆಗೆ ಹೋಗಿ.