ಹಿಡಿದ ಮೀನು ಕೆಡದೆ ಸಂತೆ ಸೇರುವ ಬಗೆ

ಮಲೆಬೆನ್ನೂರಿನ ಕಡೆಯವರಾದ ನಮಗೆ ಭದ್ರಾ ನಾಲೆಯೆಂದರೆ ನೆನಪಾಗುವುದು ಭತ್ತ. ಆದರೆ ಈ ಸೀಮೆಯ ಕೆರೆಕಟ್ಟೆಗಳಲ್ಲಿ ಮೀನೂ ಬೆಳೆಯುತ್ತದೆ, ಅದನ್ನೇ ನಂಬಿದ ಸಂಸಾರಗಳೂ ಇವೆ ಎಂಬುದನ್ನು ನಾವು ಮರೆಯುತ್ತೇವೆ.

ಕಳೆದ ಬೇಸಿಗೆಯ ರಜೆಯಲ್ಲಿ ಒಂದು ನಸುಕಿನಲ್ಲಿ ನಾನು ದೇವರಬೆಳಕೆರೆ ಪಿಕಪ್ಪಿನ ಹಿನ್ನೀರಿನ ದಡದಲ್ಲಿದ್ದೆ. ಹರಿಗೋಲಿನಿಂದಿಳಿದ ಕಾಟ್ಲಾ, ರೋಹು ಮೀನುಗಳು ಥಳಥಳಿಸುತ್ತಿದ್ದವು. ಮಧ್ಯಾಹ್ನ ಅವೇ ಮೀನುಗಳನ್ನು ಮಲೆಬೆನ್ನೂರಿನ ರಸ್ತೆಯಂಚಿನಲ್ಲಿ ಕಂಡಾಗ ಕಣ್ಣು ಗುಳಿಬಿದ್ದು ಕಿವಿರು ಕಂದಿತ್ತು. ಬೆಳಗಿನ ಅರ್ಧ ಬೆಲೆಗೂ ಕೊಳ್ಳುವವರಿರಲಿಲ್ಲ. “ಐಸು ಹಾಕಬಾರದಿತ್ತೆ, ಅಜ್ಜಾ?” ಎಂದೆ. “ಐಸಿಗೆ ದುಡ್ಡು ಎಲ್ಲಿಂದ ತರಲಿ, ತಮ್ಮಾ?” ಎಂದರು ಮಾರುತ್ತಿದ್ದ ಮುದುಕರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮೊದಲು ಮೀನು ಕೆಡುವುದೇಕೆಂಬುದನ್ನು ನೋಡೋಣ. ಮೀನು ಸತ್ತ ಸ್ವಲ್ಪ ಹೊತ್ತಿನಲ್ಲಿ ಅದರ ಮೈ ಸೆಟೆದುಕೊಳ್ಳುತ್ತದೆ. ಈ ಸೆಟೆತ ಇರುವವರೆಗೆ ಮೀನು ತಾಜಾ ಎಂದೇ ಲೆಕ್ಕ. ಅನಂತರ ದೇಹದೊಳಗಿನ ಕಿಣ್ವಗಳೇ ಮಾಂಸವನ್ನು ಮೆತ್ತಗಾಗಿಸುತ್ತವೆ. ಲೋಳೆ, ಕಿವಿರು, ಕರುಳುಗಳಲ್ಲಿದ್ದ ಸೂಕ್ಷ್ಮಜೀವಿಗಳು ಮಾಂಸಕ್ಕೆ ಹಬ್ಬುತ್ತವೆ. ಬಲೆಯಲ್ಲಿ ಬಹಳ ಹೊತ್ತು ಒದ್ದಾಡಿದ ಮೀನಿನ ಶಕ್ತಿ ಮುಂಚೆಯೇ ತೀರಿರುವುದರಿಂದ ಅದು ಬೇಗ ಸೆಟೆದು ಬೇಗ ಕೆಡುತ್ತದೆ. ಇವೆಲ್ಲಕ್ಕೂ ಬಿಸಿಲೇ ದೊಡ್ಡ ಸಹಾಯಕ.

ಆದ್ದರಿಂದ ಜಾಗ್ರತೆಯು ದಡದಲ್ಲಿಯೇ ಆರಂಭವಾಗಬೇಕು. ಬಲೆಯನ್ನು ಬೇಗ ಬೇಗ ಎತ್ತಬೇಕು. ಮೀನನ್ನು ಎಸೆಯುವುದು, ತುಳಿಯುವುದು, ಚೀಲದಲ್ಲಿ ಒತ್ತಿ ತುಂಬುವುದು ಕೂಡದು. ಜಜ್ಜಿದ ಕಡೆಯಿಂದಲೇ ಕೊಳೆತ ಮೊದಲಾಗುತ್ತದೆ. ಶುದ್ಧವಾದ ನೀರಿನಲ್ಲಿ ತೊಳೆದು ನೆರಳಿನಲ್ಲಿಡಬೇಕು. ದೊಡ್ಡ ಮೀನಿನ ಕರುಳು, ಕಿವಿರುಗಳನ್ನು ತೆಗೆದು ಮತ್ತೊಮ್ಮೆ ತೊಳೆಯುವುದು ಒಳ್ಳೆಯದು. ಐಸು ಸಿಗುವವರೆಗೆ ಒದ್ದೆ ಗೋಣಿತಟ್ಟು ಹೊದಿಸಿದರೆ, ನೀರು ಆರುವಾಗ ಶಾಖವನ್ನು ಹೀರುವುದರಿಂದ ಮೀನು ತಂಪಾಗಿರುತ್ತದೆ.

ಇನ್ನು ಐಸಿನ ಲೆಕ್ಕ. ಒಂದು ಕಿಲೋ ಐಸು ಕರಗುವಾಗ ಸುಮಾರು ೮೦ ಕಿಲೋಕ್ಯಾಲೊರಿ ಶಾಖವನ್ನು ಹೀರುತ್ತದೆ. ೩೦ ಡಿಗ್ರಿ ಸೆಂಟಿಗ್ರೇಡಿನ ಒಂದು ಕಿಲೋ ಮೀನನ್ನು ಸೊನ್ನೆಗಿಳಿಸಲು ತೆಗೆಯಬೇಕಾದುದು ಸುಮಾರು ೨೫ ಮಾತ್ರ. ಎಂದರೆ ಮೀನಿನ ತೂಕದ ಮೂರನೆಯ ಒಂದು ಪಾಲು ಐಸು ಸಾಕು! ಆದರೂ ಸಮತೂಕದ ಐಸು ಹಾಕಬೇಕೆನ್ನುವುದೇಕೆ? ಉಳಿದುದೆಲ್ಲ ಹೊರಗಿನ ಬಿಸಿಗಾಳಿಯೊಡನೆ ಹೋರಾಡಿ ಕರಗುತ್ತದೆ. ಗಟ್ಟಿಮುಚ್ಚಳದ ಥರ್ಮೊಕೋಲ್ ಪೆಟ್ಟಿಗೆಯಿದ್ದರೆ ಈ ನಷ್ಟ ಬಹಳ ಕಡಿಮೆಯಾಗುತ್ತದೆ. ಐಸನ್ನು ಪುಡಿಮಾಡಿ ತಳಕ್ಕೂ ಮೇಲಕ್ಕೂ ಪದರಗಳ ನಡುವೆಯೂ ಹರಡಬೇಕು. ಕರಗಿದ ನೀರು ಹರಿದುಹೋಗಲು ತಳದಲ್ಲಿ ತೂತಿರಬೇಕು.

ಕೊಳ್ಳುವವರಿಗೂ ಒಂದು ಮಾತು. ಉಬ್ಬಿದ ತಿಳಿಗಣ್ಣು, ಕೆಂಪು ಕಿವಿರು, ಒತ್ತಿದರೆ ಮತ್ತೆ ಮೇಲೇಳುವ ಮಾಂಸ ತಾಜಾತನದ ಗುರುತು. ಇಂಥ ಮೀನಿಗೆ ಎರಡು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಬಾರದು. ಮೀನು ಕೆಡದಂತೆ ಫಾರ್ಮಲಿನ್ ಬೆರೆಸಿದ್ದು ೨೦೧೮ರಲ್ಲಿ ಕೇರಳದಲ್ಲಿ ಪತ್ತೆಯಾಗಿ ದೊಡ್ಡ ಸುದ್ದಿಯಾಯಿತು. ಅದು ಹೆಣವನ್ನು ಕಾಪಿಡುವ ವಿಷ. ಐಸಿನ ಕೆಲಸಕ್ಕೆ ಅದು ಬದಲಿಯಲ್ಲ.

ಅಜ್ಜನ ಪ್ರಶ್ನೆಗೆ ನನಗೆ ತೋಚಿದ ಉತ್ತರವಿಷ್ಟು: ಒಬ್ಬರಿಗೆ ಹೊರೆಯಾದ ಪೆಟ್ಟಿಗೆಯೂ ಐಸೂ ಹತ್ತು ಮಂದಿ ಸೇರಿದರೆ ಹಗುರ. ದಡದ ಮೀನುಗಾರರು ಸಹಕಾರ ಸಂಘದ ಮೂಲಕ ಅವನ್ನು ಒಟ್ಟಾಗಿ ಕೊಂಡರೆ, ಮಧ್ಯಾಹ್ನ ಕಳೆಯುತ್ತಿದ್ದ ಅರ್ಧ ಬೆಲೆಯೇ ಆ ಸಾಲವನ್ನು ತೀರಿಸೀತು.